ತಿರುಗಿಸಿದ ತಲೆ, ಅಳಿಸದ ಸಹಿ

1968ರ ಅಕ್ಟೋಬರ್ 16. ಮೆಕ್ಸಿಕೋ ನಗರದ ಒಲಿಂಪಿಕ್ ಕ್ರೀಡಾಂಗಣ. 200 ಮೀಟರ್ ಓಟ ಗೆದ್ದ ಟಾಮಿ ಸ್ಮಿತ್, ಮೂರನೆಯವನಾಗಿ ಬಂದ ಜಾನ್ ಕಾರ್ಲೋಸ್, ಇಬ್ಬರು ಕರಿಯ ಅಮೆರಿಕನ್ನರು, ಬೂಟು ಕಳಚಿ ಕಪ್ಪು ಕಾಲುಚೀಲದಲ್ಲಿ ಬಹುಮಾನದ ಪೀಠ ಹತ್ತಿದರು. ತಮ್ಮ ದೇಶದ ರಾಷ್ಟ್ರಗೀತೆ ಮೊಳಗಿದಾಗ ಕಪ್ಪು ಕೈಗವಸಿನ ಮುಷ್ಟಿ ಎತ್ತಿ ತಲೆ ತಗ್ಗಿಸಿ ನಿಂತರು. ಆ ಚಿತ್ರ ನಮಗೆ ಗೊತ್ತು. ಅದರ ಬಗ್ಗೆ ನಾವು ಭಾಷಣ ಮಾಡಿದ್ದೇವೆ, ಪದ್ಯ ಬರೆದಿದ್ದೇವೆ. ಜಾತಿಯ ಏಟು ತಿಂದವನಿಗೆ ಬಣ್ಣದ ಏಟು ತಿಂದವನ ಮುಷ್ಟಿ ಅರ್ಥವಾಗೋದಕ್ಕೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಅದಾಗಿ ಒಂಬತ್ತು ದಿನಕ್ಕೆ, ಅದೇ ಊರಿನಲ್ಲಿ, ಇನ್ನೊಂದು ಪೀಠದ ಮೇಲೆ ಇನ್ನೊಂದು ಪ್ರತಿಭಟನೆ ನಡೆಯಿತು. ಮುಷ್ಟಿ ಇಲ್ಲ, ಘೋಷಣೆ ಇಲ್ಲ. ಜಿಮ್ನಾಸ್ಟಿಕ್ಸ್‌ನಲ್ಲಿ ಪದಕ ಗೆದ್ದ 26 ವರ್ಷದ ಹೆಣ್ಣುಮಗಳೊಬ್ಬಳು ಸೋವಿಯತ್ ರಾಷ್ಟ್ರಗೀತೆ ಶುರುವಾದ ಕೂಡಲೇ ತಲೆಯನ್ನು ಬಲಕ್ಕೆ ತಿರುಗಿಸಿ ಕಣ್ಣು ಕೆಳಗೆ ಹಾಕಿದಳು. ಗೀತೆ ಮುಗಿಯೋವರೆಗೂ ಹಾಗೇ ನಿಂತಳು. ಅಷ್ಟೇ.

ಆಕೆ ಚೆಕೊಸ್ಲೊವಾಕಿಯಾದ ವೇರಾ ಚಾಸ್ಲಾವ್ಸ್ಕಾ. ಈ ಚಿತ್ರದ ಬಗ್ಗೆ ನಮ್ಮಲ್ಲಿ ಪದ್ಯ ಬರೆದವರು ಕಡಿಮೆ. ಯಾಕೆ ಅಂತ ಕೇಳಿಕೊಳ್ಳಬೇಕು. ಸ್ಮಿತ್, ಕಾರ್ಲೋಸ್ ಮುಷ್ಟಿ ಎತ್ತಿದ್ದು ಬಿಳಿಯರ ಬಂಡವಾಳಶಾಹಿ ಅಮೆರಿಕದ ವಿರುದ್ಧ. ವೇರಾ ತಲೆ ತಿರುಗಿಸಿದ್ದು ಕೂಲಿಕಾರರ ಹೆಸರಲ್ಲಿ ಆಳುತ್ತಿದ್ದ ಒಂದು ಪ್ರಭುತ್ವದ ವಿರುದ್ಧ. ಮೊದಲನೆಯದನ್ನು ಮೆಚ್ಚೋದು ನಮಗೆ ಸಲೀಸು. ಎರಡನೆಯದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದಲೇ ಈಕೆಯ ಚರಿತ್ರೆಯನ್ನು ನಾವು ಓದಬೇಕು.

1

ಚೆಕ್ಕರ ನಾಡಿನಲ್ಲಿ ಅಂಗಸಾಧನೆ ಅನ್ನೋದು ಬರೀ ಆಟವಾಗಿರಲಿಲ್ಲ. 1862ರಲ್ಲಿ, ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆಯ ಕಾಲಕ್ಕೆ, ಪ್ರಾಗ್ ನಗರದಲ್ಲಿ ಮಿರೊಸ್ಲಾವ್ ತಿರ್ಷ್ ಮತ್ತು ಯಿಂದ್ರಿಷ್ ಫ್ಯೂಗ್ನರ್ ಎಂಬಿಬ್ಬರು 'ಸೊಕೊಲ್' ಎಂಬ ವ್ಯಾಯಾಮ ಸಂಘ ಕಟ್ಟಿದರು. ಸೊಕೊಲ್ ಅಂದರೆ ಗಿಡುಗ. ಆಳಿಸಿಕೊಂಡ ಜನ ಬೆನ್ನು ನೆಟ್ಟಗೆ ಮಾಡಿ ನಿಲ್ಲೋದನ್ನು ಕಲಿಯಬೇಕು ಅನ್ನೋದು ಅದರ ಹಂಬಲ. ಸಂಘದೊಳಗೆ ಒಬ್ಬರನ್ನೊಬ್ಬರು 'ಅಣ್ಣಾ', 'ತಂಗೀ' ಅನ್ನೋ ರೀತಿಯಲ್ಲಿ ಕರೆಯುತ್ತಿದ್ದರು. ಕಸರತ್ತಿನ ಹೆಸರಲ್ಲಿ ಒಂದು ಜನಾಂಗ ತನ್ನ ಮೈಯನ್ನೂ ನುಡಿಯನ್ನೂ ಹುರಿ ಮಾಡಿಕೊಂಡಿತು. ಹಿಟ್ಲರನ ನಾಜಿಗಳು 1941ರಲ್ಲಿ ಈ ಸಂಘವನ್ನು ಮುಚ್ಚಿದರು. ಅದರ ಎಷ್ಟೋ ಸದಸ್ಯರನ್ನು ಕೊಂದರು.

ಯುದ್ಧ ಮುಗಿಯಿತು. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟ್ ಪಕ್ಷ ಅಧಿಕಾರ ಹಿಡಿಯಿತು. ಆ ವರ್ಷದ ಬೇಸಿಗೆಯಲ್ಲಿ ಸೊಕೊಲ್ ಸಂಘದವರು ಪ್ರಾಗ್‌ನಲ್ಲಿ ಮೆರವಣಿಗೆ ನಡೆಸಿದರು. ವೇದಿಕೆ ಮೇಲೆ ಹೊಸ ಅಧ್ಯಕ್ಷ ಗೊಟ್‌ವಾಲ್ಡ್ ನಿಂತಿದ್ದ. ಅವನ ಮುಂದೆ ಹಾದುಹೋಗುವಾಗ ಸಾಲು ಸಾಲು ಜನ ತಲೆಯನ್ನು ಆಚೆಗೆ ತಿರುಗಿಸಿಕೊಂಡು ಹೋದರು. ಅಂದರೆ ತಲೆ ತಿರುಗಿಸೋದು ವೇರಾ ಹುಟ್ಟುಹಾಕಿದ ಭಾಷೆಯಲ್ಲ. ಆ ನಾಡಿನ ಅಂಗಸಾಧಕರಿಗೆ ಅದು ಗೊತ್ತಿದ್ದ ಭಾಷೆ.

ಅದೇ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾದ ಹೆಂಗಸರ ತಂಡ ಚಿನ್ನ ಗೆದ್ದಿತು. ಆದರೆ ಆ ತಂಡದ ಎಲಿಷ್ಕಾ ಮಿಸಾಕೊವಾ ಲಂಡನ್ನಿನಲ್ಲೇ ಪೋಲಿಯೋ ತಗುಲಿ ತೀರಿಕೊಂಡಳು. ಗೆದ್ದವರ ಬಾವುಟಕ್ಕೆ ಕಪ್ಪು ಪಟ್ಟಿ ಕಟ್ಟಿದರು. ಆ ಹೆಂಗಸರ ಜೊತೆ ಹೋಗಿದ್ದ ಸೊಕೊಲ್ ನಾಯಕಿ ಮರಿಯೆ ಪ್ರೊವಾಜ್ನಿಕೊವಾ ಮರಳಿ ದೇಶಕ್ಕೆ ಹೋಗಲು ಒಪ್ಪಲಿಲ್ಲ. ಹೊಸ ಸರ್ಕಾರ ಸೊಕೊಲ್ ಸಂಘವನ್ನು ನುಂಗಿಹಾಕಿತು. 1955ರಿಂದ ಅದರ ಜಾಗದಲ್ಲಿ 'ಸ್ಪಾರ್ಟಾಕಿಯಾಡ್' ಎಂಬ ಸರ್ಕಾರಿ ಸಾಮೂಹಿಕ ಕವಾಯತು ಬಂತು. ಸಾವಿರಾರು ಮೈಗಳು ಒಟ್ಟಿಗೆ ಬಾಗಬೇಕು, ಒಟ್ಟಿಗೆ ಏಳಬೇಕು. ಬೆನ್ನು ನೆಟ್ಟಗೆ ಮಾಡೋದಕ್ಕೆ ಹುಟ್ಟಿದ ವಿದ್ಯೆ, ಹೇಳಿದಂತೆ ಬಾಗಿಸೋ ವಿದ್ಯೆಯಾಯಿತು.

ವೇರಾ ಬೆಳೆದದ್ದು ಈ ಕಾಲದಲ್ಲಿ.

2

ಆಕೆ ಹುಟ್ಟಿದ್ದು 1942ರ ಮೇ 3ರಂದು, ಪ್ರಾಗ್‌ನಲ್ಲಿ, ನಾಜಿಗಳ ಆಡಳಿತದ ಕೆಳಗೆ. ಚಿಕ್ಕವಳಿದ್ದಾಗ ಮಂಜುಗಡ್ಡೆ ಮೇಲೆ ಜಾರುವ ಸ್ಕೇಟಿಂಗ್ ಕಲಿತಳು. ಆಮೇಲೆ ಆಗಿನ ಹೆಸರಾಂತ ಜಿಮ್ನಾಸ್ಟ್ ಎವಾ ಬೊಸಾಕೊವಾಳ ಕಣ್ಣಿಗೆ ಬಿದ್ದು ಈ ಕಡೆ ಬಂದಳು. 1958ರ ವಿಶ್ವ ಸ್ಪರ್ಧೆಯಲ್ಲಿ ತಂಡದ ಬೆಳ್ಳಿ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮತ್ತೆ ತಂಡದ ಬೆಳ್ಳಿ. 1962ರಲ್ಲಿ ತನ್ನ ಊರಿನಲ್ಲೇ ನಡೆದ ವಿಶ್ವ ಸ್ಪರ್ಧೆಯಲ್ಲಿ ಒಟ್ಟು ಅಂಕಗಳಲ್ಲಿ ಎರಡನೆಯವಳಾದಳು. ಮೊದಲನೆಯವಳು ಸೋವಿಯತ್ ದೇಶದ ಲಾರಿಸಾ ಲಾಟಿನಿನಾ.

ಈ ಆಟದ ಬಗ್ಗೆ ಎರಡು ಮಾತು. ಹೆಂಗಸರಿಗೆ ನಾಲ್ಕು ವಿಭಾಗ. ಓಡಿಬಂದು, ಆಗ ಕುದುರೆಯಾಕಾರದಲ್ಲಿದ್ದ ಅಡ್ಡೆಯನ್ನು ಹಾರುವುದು ಒಂದು. ಮೇಲೊಂದು ಕೆಳಗೊಂದು ಇರುವ ಕಂಬಿಗಳ ನಡುವೆ ತೂಗಿ ತಿರುಗುವುದು ಒಂದು. ಸಂಗೀತಕ್ಕೆ ನೆಲದ ಮೇಲೆ ಲಾಗ ಹಾಕಿ ಕುಣಿಯುವುದು ಒಂದು. ನಾಲ್ಕನೆಯದು ಬೀಮ್, ಅಂದರೆ ತೊಲೆ. ಅದರ ಉದ್ದ 5 ಮೀಟರ್, ಅಗಲ ಬರೀ 10 ಸೆಂಟಿಮೀಟರ್. ಎದೆಮಟ್ಟದ ಎತ್ತರದಲ್ಲಿರುವ ಆ ತೊಲೆ ಮೇಲೆ ನಡೆಯಬೇಕು, ನೆಗೆಯಬೇಕು, ಕೈಯೂರಿ ತಿರುಗಬೇಕು. ನಮ್ಮ ಸಂತೆಗಳಲ್ಲಿ ದೊಂಬರ ಹುಡುಗಿ ಇದಕ್ಕಿಂತ ಸಪೂರವಾದ ಹಗ್ಗದ ಮೇಲೆ ನಡೆದಳು. ಅವಳಿಗೆ ಪದಕ ಕೊಡಲಿಲ್ಲ, ಚಿಲ್ಲರೆ ಎಸೆದೆವು. 'ದೊಂಬರಾಟ' ಅನ್ನೋದನ್ನು ಬೈಗುಳ ಮಾಡಿಕೊಂಡೆವು. ಮೈಯ ವಿದ್ಯೆ ಯಾರದು ಅನ್ನೋದರ ಮೇಲೆ ಅದು ಕಲೆಯೋ ಭಿಕ್ಷೆಯೋ ಅಂತ ತೀರ್ಮಾನವಾಗುತ್ತದೆ. ಅಲ್ಲಿ ಅದು ದೇಶದ ಮಾನದ ಪ್ರಶ್ನೆಯಾಗಿತ್ತು. ಬಣಗಳ ನಡುವೆ ಬಾಂಬು ಬೀಳದ ಯುದ್ಧ ನಡೆಯುತ್ತಿದ್ದ ಕಾಲ ಅದು. ಪದಕಗಳ ಲೆಕ್ಕ ಆ ಯುದ್ಧದ ಲೆಕ್ಕ.

1964ರಲ್ಲಿ ಟೋಕಿಯೋ. ಎರಡು ಒಲಿಂಪಿಕ್ಸ್ ಗೆದ್ದಿದ್ದ ಲಾಟಿನಿನಾಳನ್ನು ಸೋಲಿಸಿ ವೇರಾ ಒಟ್ಟು ಅಂಕಗಳ ಚಿನ್ನ ಗೆದ್ದಳು. ಹಾರುವುದರಲ್ಲಿ ಚಿನ್ನ, ತೊಲೆ ಮೇಲೆ ಚಿನ್ನ. 1965ರಲ್ಲಿ ಸೋಫಿಯಾದಲ್ಲಿ ನಡೆದ ಯುರೋಪ್ ಸ್ಪರ್ಧೆಯ ಐದು ಚಿನ್ನಕ್ಕೆ ಐದೂ ಆಕೆಗೆ. 1967ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮತ್ತೆ ಐದಕ್ಕೆ ಐದು. ನಡುವೆ 1966ರಲ್ಲಿ ಡಾರ್ಟ್‌ಮುಂಡ್‌ನ ವಿಶ್ವ ಸ್ಪರ್ಧೆಯಲ್ಲಿ ಚೆಕೊಸ್ಲೊವಾಕಿಯಾದ ತಂಡ ಕೂದಲೆಳೆಯ ಅಂತರದಲ್ಲಿ ಸೋವಿಯತ್ ತಂಡವನ್ನು ಸೋಲಿಸಿತು. 1952ರಿಂದ ಎಲ್ಲ ಒಲಿಂಪಿಕ್ಸ್‌ನಲ್ಲೂ ಗೆದ್ದುಕೊಂಡು ಬಂದಿದ್ದ ತಂಡ ಅದು. ಚಿಕ್ಕ ದೇಶದ ಹೆಣ್ಣುಮಕ್ಕಳು ದೊಡ್ಡಣ್ಣನನ್ನು ಮಣಿಸಿದ್ದರು, ಆಟದಲ್ಲಿ.

3

1968 ಬಂತು. ಜನವರಿಯಲ್ಲಿ ಅಲೆಕ್ಸಾಂಡರ್ ದುಬ್ಚೆಕ್ ಪಕ್ಷದ ನಾಯಕನಾದ. ಸಮಾಜವಾದಕ್ಕೆ ಮನುಷ್ಯನ ಮುಖ ಇರಬೇಕು ಅನ್ನೋದು ಆಗ ಎದ್ದ ಮಾತು. ಪತ್ರಿಕೆಗಳ ಮೇಲಿನ ಕತ್ತರಿ ಸಡಿಲವಾಯಿತು. ಇಪ್ಪತ್ತು ವರ್ಷ ಬಾಯಿ ಹೊಲಿದುಕೊಂಡಿದ್ದ ಜನ ಮಾತಾಡೋದಕ್ಕೆ ಶುರುಮಾಡಿದರು. ಇದಕ್ಕೆ 'ಪ್ರಾಗ್ ವಸಂತ' ಅಂತ ಹೆಸರಾಯಿತು.

ಇದನ್ನು ಬಂಡವಾಳಗಾರರ ಪಿತೂರಿ ಅಂತ ಕರೆದವರಿದ್ದರು, ನಮ್ಮ ದೇಶದಲ್ಲೂ ಇದ್ದರು. ಆದರೆ ಜೂನ್ 27ರಂದು ಪ್ರಕಟವಾದ 'ಎರಡು ಸಾವಿರ ಪದಗಳು' ಎಂಬ ಹೇಳಿಕೆಯನ್ನೇ ನೋಡಿ. ಬರೆದವನು ಲುದ್ವಿಕ್ ವಾಟ್ಸುಲಿಕ್ ಎಂಬ ಲೇಖಕ, ಆಗ ತಾನೂ ಪಕ್ಷದವನೇ. ಅದರ ಶೀರ್ಷಿಕೆಯಲ್ಲೇ ಅದು ಕೂಲಿಕಾರರದು, ರೈತರದು, ನೌಕರರದು, ಕಲಾವಿದರದು, ಎಲ್ಲರದು ಅಂತಿತ್ತು. ಜಮೀನ್ದಾರರನ್ನು ವಾಪಸು ಕರೆತನ್ನಿ ಅಂತ ಅದು ಕೇಳಲಿಲ್ಲ. ಪಕ್ಷದ ಹೆಸರಲ್ಲಿ ಅಧಿಕಾರ ದುರುಪಯೋಗ ಮಾಡಿದವರನ್ನು ಜನರೇ ತಮ್ಮ ಊರುಗಳಲ್ಲಿ, ಕಾರ್ಖಾನೆಗಳಲ್ಲಿ ಪ್ರಶ್ನಿಸಬೇಕು, ನಿರ್ಣಯ ಮಾಡಬೇಕು, ಮುಷ್ಕರ ಹೂಡಬೇಕು ಅಂತ ಕೇಳಿತು. ನಮ್ಮ ಚಳವಳಿಗಳು ಕೇಳಿದ್ದಕ್ಕೂ ಇದಕ್ಕೂ ಏನು ದೂರ?

ಅದಕ್ಕೆ ಸಹಿ ಹಾಕಿದ ಮೊದಲಿಗರಲ್ಲಿ ವೇರಾ ಒಬ್ಬಳು. ಓಟದ ಮಹಾಪುರುಷ ಎಮಿಲ್ ಜಾಟೋಪೆಕ್ ಇನ್ನೊಬ್ಬ. ಆಟಗಾರ್ತಿಗೆ ಇದೆಲ್ಲ ಯಾಕೆ ಅಂತ ಕೇಳೋರು ಅಲ್ಲೂ ಇದ್ದಿರಬೇಕು. ಕುಣಿಯೋಳು ಕುಣೀಲಿ, ಓಡೋನು ಓಡ್ಲಿ, ಬರೆಯೋನು ಚಂದಮಾಮನ ಮೇಲೆ ಬರೀಲಿ. ಅಧಿಕಾರಕ್ಕೆ ಬೇಕಾದದ್ದು ಇದು, ಎಲ್ಲ ಕಾಲಕ್ಕೂ.

ಆಗಸ್ಟ್ 20ರ ರಾತ್ರಿ ವಾರ್ಸಾ ಒಪ್ಪಂದದ ಸೈನ್ಯ ಗಡಿ ದಾಟಿತು. ಬೆಳಗಾಗೋದರೊಳಗೆ ಪ್ರಾಗ್ ಬೀದಿಗಳಲ್ಲಿ ಟ್ಯಾಂಕುಗಳು. ವರ್ಷ ಮುಗಿಯೋದರೊಳಗೆ ನೂರಕ್ಕೂ ಹೆಚ್ಚು ಜನಸಾಮಾನ್ಯರು ಸತ್ತರು. 'ಸೋದರ ಸಹಾಯ' ಅಂತ ಇದಕ್ಕೆ ಹೆಸರಿಟ್ಟರು! ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಖಂಡನಾ ನಿರ್ಣಯ ಮತಕ್ಕೆ ಬಂದಾಗ ನಮ್ಮ ಭಾರತ ಸರ್ಕಾರ ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ ಅಂತ ಕೂತಿತು. ಕೇಂದ್ರ ಮಂತ್ರಿಯಾಗಿದ್ದ ಅಶೋಕ ಮೆಹತಾ ಅದನ್ನು ವಿರೋಧಿಸಿ ಸಂಪುಟ ಬಿಟ್ಟರು. ನಮ್ಮ ಎಡದ ಅನೇಕ ಹಿರಿಯರು ಟ್ಯಾಂಕಿಗೆ ಸಮರ್ಥನೆ ಹುಡುಕಿದರು. ಈ ಮಾತು ಕಹಿ, ಆದರೂ ದಾಖಲಾಗಬೇಕು.

4

ಒಲಿಂಪಿಕ್ಸ್‌ಗೆ ಎರಡು ತಿಂಗಳೂ ಇರಲಿಲ್ಲ. ಸಹಿ ಹಾಕಿದವರನ್ನು ಹಿಡಿಯುತ್ತಾರೆ ಅನ್ನೋ ಭಯದಲ್ಲಿ ವೇರಾ ಯೆಸೆನಿಕಿ ಬೆಟ್ಟಗಳ ಕಡೆ ಹೋಗಿ ಅಡಗಿಕೊಂಡಳು. ಅಲ್ಲಿ ಕಂಬಿ ಇಲ್ಲ, ತೊಲೆ ಇಲ್ಲ, ಗುರುವಿಲ್ಲ. ಮರದ ಕೊಂಬೆಗೆ ಜೋತುಬಿದ್ದು ತೂಗಿದಳು. ಆಲೂಗೆಡ್ಡೆ ಮೂಟೆ ಎತ್ತಿ ತೋಳಿನ ಬಲ ಉಳಿಸಿಕೊಂಡಳು. ಕಲ್ಲಿದ್ದಲು ಗೋರಿ ಅಂಗೈಯ ಚರ್ಮ ಗಟ್ಟಿ ಮಾಡಿಕೊಂಡಳು. ಕೂಲಿಯ ಕೆಲಸವೇ ಸಾಧನೆಯಾಯಿತು. ಕೊನೇ ಗಳಿಗೆಯಲ್ಲಿ ಸರ್ಕಾರ ಆಕೆಗೆ ಮೆಕ್ಸಿಕೋಗೆ ಹೋಗಲು ಬಿಟ್ಟಿತು.

ಆ ಮೆಕ್ಸಿಕೋ ಎಂಥದು? ಕ್ರೀಡಾಕೂಟ ಶುರುವಾದದ್ದು ಅಕ್ಟೋಬರ್ 12ಕ್ಕೆ. ಅದಕ್ಕೆ ಹತ್ತು ದಿನ ಮೊದಲು, ಅಕ್ಟೋಬರ್ 2ರಂದು, ಅದೇ ನಗರದ ತ್ಲಾತೆಲೊಲ್ಕೊ ಚೌಕದಲ್ಲಿ ಸಭೆ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಸರ್ಕಾರದ ಸೈನ್ಯ ಗುಂಡು ಹಾರಿಸಿ ಕೊಂದಿತ್ತು. ಆ ರಕ್ತ ತೊಳೆದ ಊರಿನಲ್ಲಿ ಶಾಂತಿಯ ಪಾರಿವಾಳ ಹಾರಿಸಿದರು.

ವೇರಾ ಅಲ್ಲಿ ಒಟ್ಟು ಅಂಕಗಳ ಚಿನ್ನವನ್ನು ಮತ್ತೆ ಗೆದ್ದಳು. ಎರಡು ಒಲಿಂಪಿಕ್ಸ್‌ನಲ್ಲಿ ಸಾಲಾಗಿ ಅದನ್ನು ಗೆದ್ದ ಹೆಂಗಸರು ಈವರೆಗೂ ಇಬ್ಬರೇ, ಲಾಟಿನಿನಾ ಮತ್ತು ವೇರಾ. ಹಾರುವುದರಲ್ಲಿ ಚಿನ್ನ, ಕಂಬಿಗಳಲ್ಲಿ ಚಿನ್ನ. ನೆಲದ ಕಸರತ್ತಿಗೆ ಆಕೆ ಆರಿಸಿಕೊಂಡದ್ದು ಮೆಕ್ಸಿಕೋ ಜನರ ಟೋಪಿ ಕುಣಿತದ ಹಾಡು. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ತಮ್ಮ ಮಕ್ಕಳನ್ನು ಕಳೆದುಕೊಂಡ ಊರು, ತನ್ನ ಊರಿಗೆ ಟ್ಯಾಂಕು ನುಗ್ಗಿದ ಹೆಣ್ಣುಮಗಳನ್ನು ಮಡಿಲಿಗೆ ಹಾಕಿಕೊಂಡಿತು.

ಆದರೆ ತೀರ್ಪುಗಾರರ ಲೆಕ್ಕ ಬೇರೆ ಇತ್ತು. ತೊಲೆಯ ಚಿನ್ನ ಸೋವಿಯತ್ ದೇಶದ ನತಾಲ್ಯಾ ಕುಚಿನ್ಸ್ಕಯಾಗೆ ಹೋಯಿತು, ವೇರಾಗೆ ಬೆಳ್ಳಿ. ನೆಲದ ಕಸರತ್ತಿನಲ್ಲಿ ಸೋವಿಯತ್ ದೇಶದ ಲಾರಿಸಾ ಪೆಟ್ರಿಕ್‌ಗೆ ಮೊದಲ ಸುತ್ತಿನಲ್ಲಿ ಕೊಟ್ಟಿದ್ದ ಅಂಕವನ್ನು ಆಮೇಲೆ ಹೆಚ್ಚಿಸಿದರು. ಹಾಗಾಗಿ ಇಬ್ಬರೂ ಸಮ, ಚಿನ್ನ ಹಂಚಿಕೆ. ಈ ಎರಡು ಸಲವೂ ಸೋವಿಯತ್ ಗೀತೆ ಮೊಳಗಿದಾಗ ವೇರಾ ತಲೆ ತಿರುಗಿಸಿದಳು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಆಕೆ ಪಕ್ಕದಲ್ಲಿ ನಿಂತ ಹುಡುಗಿಯರ ಮೇಲೆ ಮುನಿದು ಮುಖ ತಿರುಗಿಸಲಿಲ್ಲ. ಆ ಹುಡುಗಿಯರು ಟ್ಯಾಂಕು ಕಳಿಸಿದವರಲ್ಲ. ಪೀಠ ಬಿಟ್ಟು ಇಳಿಯಲಿಲ್ಲ, ಕಿರುಚಲಿಲ್ಲ. ಗೆದ್ದ ಮೈ ಅಲ್ಲೇ ನಿಂತಿತ್ತು, ಅದರ ತಲೆ ಮಾತ್ರ ಒಪ್ಪಲಿಲ್ಲ. ನಮ್ಮ ಕೇರಿಗಳಲ್ಲಿ ತಲೆ ತಗ್ಗಿಸೋದು ಅಂದರೆ ಗೌಡನ ಮುಂದೆ ಶರಣಾಗೋದು. ಅಲ್ಲಿ ಅದೇ ತಗ್ಗಿದ ಕಣ್ಣು ನಕಾರವಾಯಿತು.

ಮಾರನೇ ದಿನ, ಅಕ್ಟೋಬರ್ 26ರಂದು, ಮೆಕ್ಸಿಕೋ ನಗರದ ನಡುಚೌಕದ ದೊಡ್ಡ ಚರ್ಚಿನಲ್ಲಿ ಆಕೆ ತನ್ನ ದೇಶದ ಓಟಗಾರ ಯೋಸೆಫ್ ಓಡ್ಲೊಝಿಲ್‌ನನ್ನು ಮದುವೆಯಾದಳು. ಅವನು ಟೋಕಿಯೋದಲ್ಲಿ 1500 ಮೀಟರ್ ಓಟದ ಬೆಳ್ಳಿ ಗೆದ್ದವನು. ನೋಡಲು ಸಾವಿರಾರು ಜನ ಮುಗಿಬಿದ್ದರು. ಇಬ್ಬರಿಗೂ ಅಲ್ಲೇ ಉಳಿದುಬಿಡೋದು ಕಷ್ಟವಾಗಿರಲಿಲ್ಲ. ಎಷ್ಟೋ ಜನ ಹಾಗೆ ಹೊರಗೇ ಉಳಿದರು, ಅವರದು ತಪ್ಪೂ ಅಲ್ಲ. ಇವರು ಮಾತ್ರ ಮರಳಿ ಹೋದರು. ಮೆಕ್ಸಿಕೋದಲ್ಲಿ ಗೆದ್ದ ನಾಲ್ಕು ಚಿನ್ನದ ಪದಕಗಳನ್ನು ವೇರಾ ಪ್ರಾಗ್ ವಸಂತದ ನಾಲ್ವರು ನಾಯಕರಿಗೆ ಕೊಟ್ಟಳು: ದುಬ್ಚೆಕ್, ಸ್ವೊಬೊದಾ, ಚೆರ್ನಿಕ್, ಸ್ಮರ್ಕೊವ್ಸ್ಕಿ.

5

ಪೀಠದ ಮೇಲಿನ ಕತೆ ಎಲ್ಲರೂ ಹೇಳುತ್ತಾರೆ. ಚರಿತ್ರೆ ನಿಜವಾಗಿ ಶುರುವಾಗೋದು ಪೀಠ ಇಳಿದ ಮೇಲೆ.

1969ರ ಏಪ್ರಿಲ್‌ನಲ್ಲಿ ದುಬ್ಚೆಕ್‌ನನ್ನು ಇಳಿಸಿ ಗುಸ್ತಾವ್ ಹುಸಾಕ್‌ನನ್ನು ಕೂರಿಸಿದರು. ಆ ಮೇಲಿನ ಕಾಲಕ್ಕೆ ಸರ್ಕಾರವೇ ಕೊಟ್ಟ ಹೆಸರು 'ಸಹಜೀಕರಣ'. ಒಬ್ಬೊಬ್ಬರನ್ನೇ ಕರೆದು ಕೂರಿಸಿ ಕೇಳಿದರು: ಸೈನ್ಯ ಬಂದದ್ದು ಸರಿ ಅಂತ ಒಪ್ಪುತ್ತೀಯೋ ಇಲ್ಲವೋ? ಒಪ್ಪದವರಿಗೆ ಕೆಲಸವಿಲ್ಲ. ಪಾಠ ಹೇಳುತ್ತಿದ್ದವರು ಬಾಯ್ಲರ್‌ಗೆ ಇದ್ದಲು ಹಾಕಿದರು, ಬರೆಯುತ್ತಿದ್ದವರು ಕಿಟಕಿ ಒರೆಸಿದರು. ದುಬ್ಚೆಕ್‌ನನ್ನೇ ಅರಣ್ಯ ಇಲಾಖೆಯ ಕೆಲಸಕ್ಕೆ ಹಾಕಿದರು. ಕೆಲಸ ಕೀಳು ಅಂತ ಅಲ್ಲ. ಕೂಲಿಕಾರರ ರಾಜ್ಯ ಅಂತ ಹೇಳಿಕೊಂಡವರು ಕೂಲಿಯ ಕೆಲಸವನ್ನೇ ಶಿಕ್ಷೆ ಮಾಡಿದರಲ್ಲ, ಅದನ್ನು ನೋಡಿ. ಕಸ ಗುಡಿಸೋದನ್ನು ಒಂದು ಜಾತಿಗೆ ಶಿಕ್ಷೆ ಮಾಡಿದ ನಾಡಿನವರಾದ ನಮಗೆ ಈ ವಿದ್ಯೆ ಬೇಗ ಅರ್ಥವಾಗಬೇಕು.

ವೇರಾಗೆ ಹೇಳಿದ್ದು ಒಂದೇ ಮಾತು: ಸಹಿ ವಾಪಸು ತಗೋ. ಆಕೆ ತಗೊಳ್ಳಲಿಲ್ಲ. ಏಳು ಒಲಿಂಪಿಕ್ ಚಿನ್ನ, ನಾಲ್ಕು ಬೆಳ್ಳಿ ಗೆದ್ದ ಹೆಣ್ಣುಮಗಳಿಗೆ ತರಬೇತಿ ಕೊಡೋ ಕೆಲಸವೂ ಇಲ್ಲ. ಪರದೇಶಕ್ಕೆ ಹೋಗೋ ಹಾಗಿಲ್ಲ. ಸಾರ್ವಜನಿಕವಾಗಿ ಕಾಣಿಸಿಕೊಳ್ಳೋ ಹಾಗಿಲ್ಲ. ಬರೆದ ಆತ್ಮಕತೆಗೆ ಕತ್ತರಿ ಬಿತ್ತು. ಕೆಲಸ ಕೊಡಿ ಅಂತ ಕ್ರೀಡಾ ಅಧಿಕಾರಿಗಳ ಬಾಗಿಲು ಬಡಿದಳು. ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಅಂತೂ ಪ್ರಾಗ್‌ನ ಒಂದು ಕ್ಲಬ್ಬಿನಲ್ಲಿ ಮಕ್ಕಳಿಗೆ ಕಲಿಸಲು ಬಿಟ್ಟರು, ಸದ್ದಿಲ್ಲದೆ. ಆ ದಶಕದ ಕೊನೆಗೆ ಮೆಕ್ಸಿಕೋ ಸರ್ಕಾರ ಆಕೆ ನಮಗೆ ಬೇಕು ಅಂತ ಹಟ ಹಿಡಿದು ಕೇಳಿತು. ತೈಲದ ವ್ಯಾಪಾರವನ್ನೂ ನಡುವೆ ತಂದರು ಅಂತ ಹೇಳ್ತಾರೆ. ಎರಡು ವರ್ಷ ಅಲ್ಲಿ ಕಲಿಸಿ ಬಂದಳು. ಒಂದು ದೇಶದ ಹೆಮ್ಮೆಯ ಮಗಳಿಗೆ ಸ್ವಂತ ವಿದ್ಯೆ ಕಲಿಸುವ ಹಕ್ಕು ಸಿಕ್ಕಬೇಕಾದರೆ ಎಣ್ಣೆಯ ತೂಕ ಬೇಕಾಯಿತು.

ಜಾಟೋಪೆಕ್‌ನನ್ನು ಸೈನ್ಯದ ಹುದ್ದೆಯಿಂದ ತೆಗೆದು ಮಣ್ಣು ಕೊರೆಯುವ ಕೆಲಸಕ್ಕೆ ಅಟ್ಟಿದರು. ಕಡೆಗೆ ಆತ ಬಾಗಿದ, ಹೇಳಿದ್ದನ್ನು ವಾಪಸು ತೆಗೆದುಕೊಂಡ. ಅವನನ್ನು ಹೀಯಾಳಿಸೋ ಯೋಗ್ಯತೆ ನಮಗಿಲ್ಲ. ಮನುಷ್ಯನನ್ನು ಅಷ್ಟು ದೂರ ಬಾಗಿಸುವ ವ್ಯವಸ್ಥೆಯನ್ನು ಹೀಯಾಳಿಸೋಣ. ಮುಷ್ಟಿ ಎತ್ತಿದ ಸ್ಮಿತ್, ಕಾರ್ಲೋಸ್‌ಗೂ ಆದದ್ದು ಇದೇ. ಅವರನ್ನು ತಂಡದಿಂದ ಹೊರಗೆ ಹಾಕಿದರು, ಊರಿಗೆ ಹೋದ ಮೇಲೆ ಕೊಲೆ ಬೆದರಿಕೆ ಬಂತು, ಕೆಲಸ ಸಿಗಲಿಲ್ಲ. ಅಮೆರಿಕದ ಪತ್ರಿಕೆಗಳು ವೇರಾಳ ಧೈರ್ಯವನ್ನು ಕೊಂಡಾಡಿದವು, ತಮ್ಮ ನೆಲದ ಕರಿಯರ ಮುಷ್ಟಿಯನ್ನು ಸಹಿಸಲಿಲ್ಲ. ಸೋವಿಯತ್ ಪಾಳಯ ಮುಷ್ಟಿಯನ್ನು ಕೊಂಡಾಡಿತು, ತಿರುಗಿದ ತಲೆಯನ್ನು ಸಹಿಸಲಿಲ್ಲ. ಇಬ್ಬರಿಗೂ ಬಂಡಾಯ ಬೇಕು, ಪಕ್ಕದ ಮನೆಯಲ್ಲಿ!

6

1989ರ ನವೆಂಬರ್‌ನಲ್ಲಿ ಪ್ರಾಗ್ ಬೀದಿಗಳು ತುಂಬಿದವು. ಆ ಆಳ್ವಿಕೆ ಕುಸಿಯಿತು. ವೇರಾ ಜನರ ಮುಂದೆ ಬಂದು ನಿಂತಳು. ನಾಟಕಕಾರ ವಾಟ್ಸ್‌ಲಾವ್ ಹಾವೆಲ್ ರಾಷ್ಟ್ರಾಧ್ಯಕ್ಷನಾದಾಗ ಅವನಿಗೆ ಸಲಹೆಗಾರ್ತಿಯಾದಳು. ದೇಶದ ಒಲಿಂಪಿಕ್ ಸಮಿತಿಯ ಅಧ್ಯಕ್ಷೆಯಾದಳು. 1995ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯೆಯೂ ಆದಳು.

ಇಲ್ಲಿಗೆ ಶುಭಂ ಅಂತ ಬರೆದರೆ ಸುಳ್ಳಾಗುತ್ತದೆ. ಆಕೆಯ ಮದುವೆ 1987ರಲ್ಲೇ ಮುರಿದಿತ್ತು. 1993ರಲ್ಲಿ ಮಗನ ಜೊತೆ ನಡೆದ ಜಗಳದಲ್ಲಿ ಬಿದ್ದು ಪೆಟ್ಟಾಗಿ ಮಾಜಿ ಗಂಡ ತೀರಿಕೊಂಡ. ಮಗನಿಗೆ ಶಿಕ್ಷೆಯಾಯಿತು. ಹಾವೆಲ್ ಕ್ಷಮಾದಾನ ಕೊಟ್ಟಾಗ ಜನ ಬಾಯಿಗೆ ಬಂದಂತೆ ಆಡಿಕೊಂಡರು. ಇಪ್ಪತ್ತು ವರ್ಷ ಸರ್ಕಾರ ಮುರಿಯಲಾಗದ ಹೆಂಗಸು ಮನೆಯೊಳಗಿನ ಏಟಿಗೆ ಮುರಿದಳು. ವರ್ಷಗಟ್ಟಲೆ ಖಿನ್ನತೆಯಲ್ಲಿ ಬಾಗಿಲು ಹಾಕಿಕೊಂಡು ಬದುಕಿದಳು. ಆಮೇಲೆ ನಿಧಾನಕ್ಕೆ ಹೊರಗೆ ಬಂದಳು, ಮತ್ತೆ ನಕ್ಕಳು. 2016ರ ಆಗಸ್ಟ್ 30ರಂದು, 74ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡಳು.

ಹೋರಾಟಗಾರರನ್ನು ಕಲ್ಲಿನ ವಿಗ್ರಹ ಮಾಡಿ ಹಾರ ಹಾಕೋ ಚಟ ನಮಗಿದೆ. ವೇರಾಳನ್ನು ಹಾಗೆ ಮಾಡೋದು ಬೇಡ. ಆಕೆ ಶೋಷಿತ ಜಾತಿಯವಳಲ್ಲ, ಕ್ರಾಂತಿಕಾರಿಯೂ ಅಲ್ಲ. ತನ್ನ ಮೈಯನ್ನು ಕಷ್ಟಪಟ್ಟು ಪಳಗಿಸಿಕೊಂಡ ಒಬ್ಬ ಆಟಗಾರ್ತಿ. ಆಕೆ ಮಾಡಿದ ದೊಡ್ಡ ಕೆಲಸ ಕಂಬಿ ಮೇಲೂ ಅಲ್ಲ, ಪೀಠದ ಮೇಲೂ ಅಲ್ಲ. ಒಂದು ಕಾಗದದ ಮೇಲೆ ಹಾಕಿದ ಹೆಸರನ್ನು ಅಳಿಸದೆ ಇಪ್ಪತ್ತೊಂದು ವರ್ಷ ಇದ್ದದ್ದು. ಮುಷ್ಟಿ ಎತ್ತೋದಕ್ಕೆ, ತಲೆ ತಿರುಗಿಸೋದಕ್ಕೆ ಒಂದು ನಿಮಿಷ ಸಾಕು. ಆ ನಿಮಿಷದ ಬೆಲೆಯನ್ನು ದಿನಾ ಒಲೆ ಮುಂದೆ, ಅಂಗಡಿ ಸಾಲಿನಲ್ಲಿ, ಕಚೇರಿ ಬಾಗಿಲಲ್ಲಿ ಕಟ್ಟಬೇಕು. ಅಲ್ಲಿ ಚಪ್ಪಾಳೆ ತಟ್ಟೋರು ಇರೋದಿಲ್ಲ, ಚಿತ್ರ ತೆಗೆಯೋರೂ ಇರೋದಿಲ್ಲ.

ಇನ್ನೊಂದು ಮಾತು ನಮ್ಮ ಸಂಘಟನೆಗಳಿಗೆ. ನಮ್ಮನ್ನು ತುಳಿದವರ ಅಧಿಕಾರವನ್ನು ಪ್ರಶ್ನಿಸೋದು ಬಂಡಾಯದ ಮೊದಲ ಪಾಠ. ನಮ್ಮ ಬಾವುಟ ಹಿಡಿದು, ನಮ್ಮ ಹಾಡು ಹಾಡಿಕೊಂಡು ಬರುವ ಅಧಿಕಾರವನ್ನೂ ಪ್ರಶ್ನಿಸೋದು ಎರಡನೇ ಪಾಠ. ಮೊದಲನೆಯದರಲ್ಲಿ ಪಾಸಾಗಿ ಎರಡನೆಯದರಲ್ಲಿ ಫೇಲಾದವರು ನಮ್ಮಲ್ಲಿ ಬಹಳ.

ಮೇಷ್ಟ್ರುಗಳೇ, ನಿಮ್ಮ ಶಾಲೆಯ ಅಂಗಳದಲ್ಲಿ ಡ್ರಿಲ್ ಮಾಡಿಸುವಾಗ 'ಬಲಕ್ಕೆ ತಿರುಗು' ಅಂತ ಕೂಗುತ್ತೀರಿ. ಮಕ್ಕಳು ತಿರುಗುತ್ತಾರೆ. ಡ್ರಿಲ್ ಮುಗಿದ ಮೇಲೆ ಐದು ನಿಮಿಷ ಅವರನ್ನು ಮರದ ಕೆಳಗೆ ಕೂರಿಸಿ, ಯಾರೂ ಕೂಗದೆ ಇದ್ದಾಗ ಬಲಕ್ಕೆ ತಿರುಗಿದ ಒಂದು ತಲೆಯ ಕತೆ ಹೇಳಿ.